ಟೈಲರ್ ಹೇಳದೆ ಹೋದ ಮಾತು

ಮಾರ್ಚ್ ೧೧, ಮಂಗಳವಾರ

ಎಂಜಿನಿಯರ್ ಕೆಲಸದ ಜೊತೆಗೇ ನಾನು ಪಾಸ್ಟರಾಗಿ ನಡೆಸುವ ಚರ್ಚ್ ಸಭೆಯ ಹಿರಿಯರು, ಬಟ್ಟೆ ಹೊಲಿಯುವ ಟೈಲರ್, ಇವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೆಳಗ್ಗೆ ಒಂಬತ್ತಕ್ಕೇ ಅವರ ಮಗಳು ಫೋನ್ ಮಾಡಿದ್ದಳು. "ಅಪ್ಪ ನಿಮ್ಮ ಹತ್ರ ಏನೋ ಹೇಳ್ಬೇಕಂತೆ. ನಮಗೆ ಹೇಳಲ್ಲ ಅಂತಾರೆ. ಬೇಗ ಬನ್ನಿ ಅಣ್ಣ."

ನಾನು ಸೇತುವೆಯ ಮೇಲಿದ್ದೆ. ಕಾಂಕ್ರೀಟ್ ಹಾಕುವುದು ಆಗಲೇ ಶುರುವಾಗಿತ್ತು. ನಡುವೆ ನಿಲ್ಲಿಸಿದರೆ ಹಳೆಯದಕ್ಕೆ ಹೊಸದು ಬೆಸೆಯುವುದಿಲ್ಲ. ಅಲ್ಲಿದ್ದ ಎಂಜಿನಿಯರ್ ನಾನೊಬ್ಬನೇ. "ಮುಗಿದ ತಕ್ಷಣ ಬರ್ತೀನಮ್ಮ" ಎಂದೆ. ಮುಗಿದಾಗ ಮೂರು ಗಂಟೆ. ಸಿಮೆಂಟು ಮೆತ್ತಿದ ಬೂಟಿನಲ್ಲೇ ಓಡಿದೆ. ಹಾಸಿಗೆ ಖಾಲಿಯಾಗಿತ್ತು.

ಮಗಳು ಬೈಯಲಿಲ್ಲ. "ಏನು ಹೇಳ್ಬೇಕಿತ್ತು ಅಂತ ನಿಮಗೇನಾದ್ರೂ ಗೊತ್ತಾ ಅಣ್ಣ?" ಎಂದಳು. ಗೊತ್ತಿಲ್ಲ. ಹೋದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವರು ನನ್ನ ತೋಳು ಹಿಡಿದು ನಿಲ್ಲಿಸಿದ್ದರು. ಆಫೀಸಿಗೆ ಡ್ರಾಯಿಂಗ್ ಕಳಿಸುವ ಅವಸರದಲ್ಲಿ ನಾನೇ ಬಿಡಿಸಿಕೊಂಡು ಬಂದಿದ್ದೆ. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಊಟಕ್ಕೆ ಕೂತಾಗ ಹೆಂಡತಿ, "ಕೆಲಸ ಬಿಟ್ಟು ಪೂರ್ತಿ ಸೇವೆಗೆ ಇಳೀರಿ, ಇಲ್ಲ ಸಭೇನ ಬೇರೆಯವರಿಗೆ ಒಪ್ಪಿಸಿ. ನಿಮ್ಮ ದಾರಿ ಕಾಯೋರನ್ನ ನನಗೆ ನೋಡೋಕಾಗಲ್ಲ" ಎಂದಳು. ದೇವರು ಕರೆದದ್ದು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸೇತುವೆಯ ಮೇಲೆ ನಿಂತ ಆ ಆರು ಗಂಟೆ ನನಗೆ ಒಳಗೊಳಗೇ ನೆಮ್ಮದಿಯಿತ್ತು. ಸಾಯುವವರ ಪಕ್ಕ ಕೂರುವುದು ತಪ್ಪಿತೆಂಬ ನೆಮ್ಮದಿ. ಇದನ್ನು ಹೆಂಡತಿಗೂ ಹೇಳಿಲ್ಲ.

ನಾಳೆ ಹತ್ತಕ್ಕೆ ಮಣ್ಣು. ಅಲ್ಲಿ ಮಾತಾಡಬೇಕಾದವನು ನಾನೇ. ಅದಕ್ಕೂ ಮೊದಲು ಮಗಳಿಗೆ ಆ ಭಾನುವಾರದ ವಿಷಯ ಹೇಳಲೇಬೇಕು. ಕೇಳಿದ ಮೇಲೂ ಅವಳು, ನೀವೇ ಪ್ರಾರ್ಥನೆ ಮಾಡಿ ಅಣ್ಣ ಎಂದರೆ ಮಾತ್ರ ನಾಳೆ ಸಮಾಧಿಯ ಮುಂದೆ ಬಾಯಿ ತೆರೆಯುತ್ತೇನೆ.