ದೂರು ಕೊಡದವರ ನೀರು

ಚೈತ್ರದ ಮೂವತ್ತೆರಡನೆಯ ದಿನ, ೨೩೧೭

ಮುನ್ನೂರು ವರ್ಷ ಹಿಂದಿನ ಹಿರಿಯರೇ,

ನಿಮ್ಮ ಪಂಚಾಂಗದಲ್ಲಿ ಈ ದಿನ ಇಲ್ಲ. ನನ್ನ ಕೆಲವು ಮಾತುಗಳೂ ನಿಮ್ಮ ನಿಘಂಟಿನಲ್ಲಿ ಇರಲಾರವು. ಕ್ಷಮಿಸಿ, ಬೇರೆ ಮಾತು ನನಗೆ ಬರುವುದಿಲ್ಲ.

ನಾನು ಬೆಳೆಗಾರ್ತಿ. ಹೊಲದ್ದಲ್ಲ, ತಂತ್ರಾಂಶದ್ದು. ನಮ್ಮಲ್ಲಿ ತಂತ್ರಾಂಶವನ್ನು ಯಾರೂ ಬರೆಯುವುದಿಲ್ಲ. ಪ್ರತಿ ಅಮಾವಾಸ್ಯೆಗೆ ಅದರ ಸಾವಿರಾರು ಮರಿಗಳನ್ನು, ಒಂದೊಂದನ್ನೂ ತುಸು ಬದಲಿಸಿ, ನೆರಳೂರಿಗೆ ಬಿಡುತ್ತೇವೆ. ನೆರಳೂರೆಂದರೆ ನಮ್ಮ ಊರಿನದೇ ಲೆಕ್ಕದ ಪಡಿಯಚ್ಚು. ಅಲ್ಲಿ ಬೀದಿಗಳಿವೆ, ನಲ್ಲಿಗಳಿವೆ, ಬೆಳಗಿನ ಅವಸರವೂ ಇದೆ. ಅಲ್ಲಿ ಚೆನ್ನಾಗಿ ಬಾಳಿದ ಮರಿಯನ್ನು ತಂದು ಊರ ನೀರಿನ ತೂಬುಗಳಿಗೆ ಕೂಡಿಸುತ್ತೇವೆ. ಹೀಗೆ ಹತ್ತು ತಲೆಮಾರು ಬೆಳೆದದ್ದರ ಒಳಗನ್ನು ಪೂರ್ತಿ ಓದಬಲ್ಲವರು ಈಗ ಯಾರೂ ಇಲ್ಲ. ಹಳೆಯ ಕವಿತೆಯನ್ನು ನೆಚ್ಚಿದ ಹಾಗೆ, ಅರ್ಥವಾಗದೆಯೂ ನಾನು ಅದನ್ನು ನೆಚ್ಚಿಕೊಂಡಿದ್ದೆ.

ಊರಿನ ತುದಿಯಲ್ಲಿ ಕಲ್ಲುಕೇರಿ ಇದೆ. ಅಲ್ಲಿಗೆ ನೀರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಈಗ ಮನೆಗೆ ಒಂದು ಕೊಡ ತುಂಬಿದರೆ ಹೆಚ್ಚು. ನಮಗೆ ಯಾರೂ ಹೇಳಿರಲಿಲ್ಲ. ಅಲ್ಲಿಯ ದ್ಯಾಮವ್ವ ಮೊಮ್ಮಗಳ ಬಾಣಂತನಕ್ಕೆ ನೀರು ಕೇಳಿಕೊಂಡು ಮೇಲಿನ ಬೀದಿಗೆ ಬಂದಾಗಲೇ ತಿಳಿದದ್ದು. ಇಷ್ಟು ದಿನ ಯಾಕೆ ದೂರು ಕೊಡಲಿಲ್ಲ ಎಂದು ಕೇಳಿದೆ.

“ನೀರಿಗೆ ಬೈಬಾರ್ದವ್ವ. ನಮ್ಮ ಕೇರ್ಯಾಗ ಯಾರೂ ಬೈಯಂಗಿಲ್ಲ,” ಎಂದಳು. ಆಮೇಲೆ ನಕ್ಕಳು: “ನಿಮ್ಮ ಯಂತ್ರಕ್ಕ ಬೈದ್ರಷ್ಟ ಕಿವಿ ಕೇಳ್ತಾವೇನು?”

ಹಾಗೆಯೇ ಆಗಿತ್ತು. ತಾನಾಗಿ ಬೆಳೆದ ಇಷ್ಟೆಲ್ಲದರಲ್ಲಿ ಮನುಷ್ಯರು ಯೋಚಿಸಿ ಬರೆದದ್ದು ಒಂದೇ ಸಾಲು, ಅದೂ ನಿಮ್ಮ ಕಾಲದ್ದು: ಕಡಿಮೆ ದೂರು ತಂದ ಮರಿ ಬದುಕಲಿ. ಸುಮ್ಮನಿರುವವರ ನೀರನ್ನು ಗೊಣಗುವವರ ಕಡೆಗೆ ತಿರುಗಿಸಿದ ಮರಿಗಳೇ ಬದುಕಿದವು. ಯಾರೂ ಕೆಡುಕು ಬಯಸಿರಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಪಂಪಣ್ಣನಿಗೆ ಸಿಟ್ಟು. “ಬೇರುಸಮೇತ ಕಿತ್ತು ಕೈಯಾರ ಹೊಸಾದು ಕಟ್ಟೂಣ, ಅಕ್ಕ,” ಎನ್ನುತ್ತಾನೆ. ಕಟ್ಟುವುದು ನಮಗೆ ಮರೆತುಹೋಗಿದೆ. ಕಲಿಯುವಷ್ಟರಲ್ಲಿ ಊರೆಲ್ಲ ಒಣಗುತ್ತದೆ. ಆ ಸಾಲನ್ನು ತಿದ್ದಿ ಹೊಸ ಮರಿಗಳನ್ನು ಬಿಟ್ಟು ನೋಡಿದೆವು. ಒಂದೂ ನೆಟ್ಟಗೆ ಬಾಳಲಿಲ್ಲ. ಹೊಸ ಅಳತೆಗೆ ಒಗ್ಗಲು ಅವಕ್ಕೆ ವರ್ಷಗಳು ಬೇಕು. ಕಲ್ಲುಕೇರಿಯ ಹಸುಗೂಸು ಅಷ್ಟು ಕಾಯುವುದಿಲ್ಲ.

ನಾಳೆ ಆ ಕೇರಿಯ ತೂಬನ್ನು ಯಂತ್ರದಿಂದ ಬಿಡಿಸಿ ನಾವೇ ತಿರುಗಿಸುತ್ತೇವೆ. ಮೇಲಿನ ಬೀದಿಗಳು ದೂರುತ್ತವೆ. ಯಂತ್ರ ಅದನ್ನು ಕೇಳಿಸಿಕೊಂಡು ನಮ್ಮ ಕೈಯನ್ನೂ ತಪ್ಪಿಸಿ ಹೋಗುವ ದಾರಿ ಬೆಳೆಸಿಕೊಳ್ಳಬಹುದು. ಇದನ್ನು ನೆನೆದಾಗಲೆಲ್ಲ ಎದ್ದು ಹೋಗಿ ತೂಬಿನ ತಿರುಪನ್ನು ಮುಟ್ಟಿ ಬರುತ್ತೇನೆ.

ನೀವು ಈಗಷ್ಟೇ ಬಿತ್ತಲು ಹೊರಟಿದ್ದೀರಿ. ಬಿತ್ತಿ, ಬೆಳೆಯಲಿ. ಆದರೆ ಆ ಒಂದು ಸಾಲು ಬರೆಯುವ ಮುನ್ನ, ಸುಮ್ಮನಿರುವವರ ಕೇರಿಗೆ ಹೋಗಿ ಕೊಡಗಳನ್ನು ಬಗ್ಗಿ ನೋಡಿ ಬನ್ನಿ.

ಈಗಲಾದರೂ ದೂರು ಕೊಡು ಎಂದು ದ್ಯಾಮವ್ವನನ್ನು ಬೇಡಿಕೊಂಡೆ. ಒಲ್ಲೆ ಎಂದಳು. ಅವಳ ದೂರನ್ನು ನಾನು ಕೊಡುತ್ತಿದ್ದೇನೆ, ಯಂತ್ರಕ್ಕಲ್ಲ, ನಿಮಗೆ.

ನೀಲವೇಣಿ
ಊರ ತೂಬುಗಳ ಬೆಳೆಗಾರ್ತಿ