ಶೆಟ್ಟಮ್ಮನ ಅಂಗಡಿಗೆ ಬೆಂಕಿ

ಸರಟೋಗಾ
೩ ಅಕ್ಟೋಬರ್ ೨೦೨೫

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ನನ್ನ ಮನಸ್ಸಿಗೆ ಮಾತ್ರ ಹೇಸಿಗೆ ಬಂದುಬಿಟ್ಟಿದೆ.

ಈ ಸಲ ಗೊಂಬೆ ಕೂರಿಸುವುದನ್ನು ಸುಜಯ್‌ಗೆ ಬಿಟ್ಟಿದ್ದೆ. ಮಗ ತಾನಾಗಿಯೇ ಕೇಳಿದನಲ್ಲ ಎಂದು ಹಿಗ್ಗಿದ್ದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು. ಈ ಪರದೇಶದಲ್ಲಿ ನಮ್ಮವರ ಪ್ರತಿ ಮನೆಯ ಗೊಂಬೆಗೂ ಒಂದು ಥೀಮು ಬೇಕು, ನಮ್ಮ ಗೆಳತಿಯರ ಬಳಗ ಬಹುಮಾನ ಬೇರೆ ಕೊಡುತ್ತದೆ. ಇವನಿಗೆ ಹಳೆಯ ನೌಕಾಯುದ್ಧಗಳ ಹುಚ್ಚು, ನಿನಗೇ ಗೊತ್ತು. ಮುನ್ನೂರೈವತ್ತು ವರ್ಷಕ್ಕೂ ಹಿಂದೆ ಇಂಗ್ಲಿಷರು ಡಚ್ಚರ ಮೇಲೆ ಯುದ್ಧ ಮಾಡುವಾಗ, ಲಂಗರು ಹಾಕಿ ನಿಂತಿದ್ದ ನೂರಕ್ಕೂ ಹೆಚ್ಚು ವ್ಯಾಪಾರದ ಹಡಗುಗಳನ್ನು ಸುಟ್ಟರಂತೆ. ಸಾಲದೆಂದು ದಡದ ಊರನ್ನೂ ಸುಟ್ಟರಂತೆ. ಸುದ್ದಿ ಕೇಳಿ ಲಂಡನ್ನಿನವರು ಬೀದಿಯಲ್ಲಿ ಬೆಂಕಿ ಹಾಕಿ ಸಂಭ್ರಮಪಟ್ಟರಂತೆ. ಅದೇ ನಮ್ಮ ಮನೆಯ ಥೀಮು.

ರಟ್ಟಿನ ಹಡಗು, ಮಿಣುಕುವ ಕೆಂಪು ದೀಪ, ಹೊಗೆ ಬಿಡುವ ಮಿಷಿನ್ನು, ಅದೆಲ್ಲ ಇರಲಿ. ಸುಡುವ ಊರಿಗೆ ಜನ ಬೇಕಲ್ಲ, ಅಲ್ಲಿಗೆ ಅಮ್ಮನ ಶೆಟ್ಟಿ-ಶೆಟ್ಟಮ್ಮರನ್ನು ಕೂರಿಸಿದ್ದಾನೆ. ಅಮ್ಮ ಪ್ರತಿವರ್ಷ ಮುಂದೆ ಅಕ್ಕಿ, ಬೇಳೆ, ಬೆಲ್ಲ ಇಟ್ಟು ಅಂಗಡಿ ಹೂಡುತ್ತಿದ್ದಳಲ್ಲ, ಅದೇ ಮಣ್ಣಿನ ಗೊಂಬೆಗಳು. ಶೆಟ್ಟಮ್ಮನ ಮುಖಕ್ಕೆ ಮಸಿ ಬಳಿದಿದ್ದಾನೆ, ಅಕ್ಕಾ. ಕೇಳಿದರೆ, "ರಿಯಲಿಸ್ಟಿಕ್ ಆಗಿರ್ಬೇಕಲ್ಲಮ್ಮ, ಯಾಕಿಷ್ಟು ಎಮೋಷನಲ್ ಆಗ್ತೀಯ" ಎಂದ.

ಬಂದವರಾದರೂ ಒಂದು ಮಾತು ಅಂದರೇ? ಕುಂಕುಮ ಇಟ್ಟುಕೊಂಡು, ಬಾಯಿತುಂಬ ಉಸಲಿ ಹಾಕಿಕೊಂಡು ವಿಡಿಯೋ ತೆಗೆದರು. ಪಕ್ಕದ ಊರು ಕ್ಯಾಂಪ್‌ಬೆಲ್‌ನ ನೀತಾ, "ಸ್ಮೋಕು ಇನ್ನೂ ಸ್ವಲ್ಪ ಜಾಸ್ತಿ ಬಿಡಿ ಆಂಟಿ, ರೀಲ್ಸಲ್ಲಿ ಕಾಣ್ತಿಲ್ಲ" ಎಂದಳು. ಲಂಡನ್ನಿನ ಬೀದಿಯೇ ನನ್ನ ನಡುಮನೆಗೆ ಬಂದಂತಿತ್ತು. ಮೊದಲ ಬಹುಮಾನವೂ ನಮಗೇ.

ನಿನ್ನೆ ಆರತಿಯ ಹೊತ್ತಿಗೆ ತಡೆಯಲಾಗಲಿಲ್ಲ. ಎಲ್ಲರೆದುರೇ ಅವರಿಬ್ಬರನ್ನೂ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋದೆ. ಒದ್ದೆಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಮಸಿ ಹೋಯಿತು, ಜೊತೆಗೆ ಶೆಟ್ಟಮ್ಮನ ಕಣ್ಣೂ ಹೋಯಿತು. ಅಮ್ಮ ಕೈಯಾರೆ ತಿದ್ದಿದ್ದ ಕಣ್ಣು. ಸುಜಯ್ ಮಾತ್ರ ಥೀಮು ಹಾಳಾಯಿತೆಂದು ಮುಖ ಊದಿಸಿಕೊಂಡಿದ್ದಾನೆ.

ಭಾವನವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಗಳು ಗಾನವಿಗೆ ಒಳ್ಳೆಯದಾಗಲಿ.

ನಿನ್ನ ತಂಗಿ
ರಮಾ

ಮುಖ್ಯವಾದದ್ದೇ ಬಿಟ್ಟೆ. ಮರುವರ್ಷ ಡಚ್ಚರು ಹೋಗಿ ಇಂಗ್ಲಿಷರ ಹಡಗು ಸುಟ್ಟು ಸೇಡು ತೀರಿಸಿಕೊಂಡರಂತೆ. ಮುಂದಿನ ದಸರೆಗೆ ಅದು ಥೀಮಂತೆ. ಅದಕ್ಕೆ ನಿನ್ನ ಪಾಲಿಗೆ ಬಂದ ಅಮ್ಮನ ಮೆರವಣಿಗೆ ಗೊಂಬೆಗಳು ಬೇಕಂತೆ. ಡಿಸೆಂಬರಿನಲ್ಲಿ ಮೈಸೂರಿಗೆ ಬಂದು "ದೊಡ್ಡಮ್ಮಾ" ಎಂದು ರಾಗ ಎಳೆಯುತ್ತಾನೆ. ನೀನು ಅವನಿಗೆ ಯಾವತ್ತೂ ಇಲ್ಲ ಎಂದವಳಲ್ಲ. ಮನಸ್ಸು ಕರಗಿದರೆ, ಈ ಕಾಗದದ ಜೊತೆ ಹತ್ತಿಯಲ್ಲಿ ಸುತ್ತಿ ಕಳಿಸಿರುವ ಶೆಟ್ಟಮ್ಮನ ಮುಖ ಒಮ್ಮೆ ನೋಡು.