ಕಣ್ಣು ಮುಚ್ಚಿದ್ದು ನಿದ್ರೆಗಲ್ಲ

ತರಬೇತಿ ಇಲಾಖೆಯ ನಿರ್ದೇಶಕರೇ,

ತಲೆನೋವು ತಾಳಲಾರದೆ ಕಣ್ಣು ಮುಚ್ಚಿದ್ದಕ್ಕೆ ನನ್ನನ್ನು ಪರೀಕ್ಷೆಯಿಂದ ಹೊರಗಿಟ್ಟಿದ್ದೀರಿ. ಕೊಟ್ಟ ಕಾರಣ, 'ಪಾಠದ ವೇಳೆ ನಿದ್ರೆ'. ಹದಿನಾರು ವರ್ಷಗಳಿಂದ ಆಸ್ಪತ್ರೆಯ ವಾರ್ಡಿನಲ್ಲಿ ಸಹಾಯಕಿಯಾಗಿರುವ ನನಗೆ ನಿದ್ರೆ ಯಾವುದು, ನೋವು ಯಾವುದು ಎಂದು ಮುಖ ನೋಡಿದರೆ ತಿಳಿಯುತ್ತದೆ. ಪಾಠದ ವೇಳೆ ನಮ್ಮ ಮುಖ ಕಾಯುವ ನಿಮ್ಮ ಕ್ಯಾಮೆರಾಕ್ಕೆ ತಿಳಿಯದು, ಸರಿ. ನಿಮಗೂ ತಿಳಿಯದೆ?

ನರ್ಸಿಂಗ್ ಪ್ರಮಾಣಪತ್ರ ಬೇಕಿದ್ದರೆ ದಿನಕ್ಕೆ ಐದು ಗಂಟೆ ಪರದೆಯ ಮುಂದೆ ಕೂರಬೇಕೆಂದು ಅಪ್ಪಣೆ ಮಾಡಿದಿರಿ. ಪುಸ್ತಕ ಕೊಡುವುದನ್ನು ನಿಲ್ಲಿಸಿದಿರಿ. ಬೆಳಗಿನ ಪಾಳಿ ಮುಗಿಸಿ ಬಂದು ಕೂತೆ. ಮೂರನೇ ವಾರಕ್ಕೆ ಹುಬ್ಬಿನ ಮೇಲೆ ಹಿಡಿದುಕೊಂಡ ನೋವು ಕತ್ತಿನವರೆಗೆ ಇಳಿಯಿತು. ದರ್ಜಿಯಾದ ನಮ್ಮ ಯಜಮಾನರು ಬಟ್ಟೆಯ ಥಾನುಗಳನ್ನು ಪೇರಿಸಿ ಕಂಪ್ಯೂಟರನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರು. ಕಿಟಕಿಯ ಬೆಳಕು ರಾಚದಿರಲೆಂದು ಉಳಿದ ಲೈನಿಂಗ್ ಬಟ್ಟೆಯಲ್ಲಿ, ಅವರದೇ ಮಾತಿನಲ್ಲಿ, "ಪರದೆಗೊಂದು ಪರದೆ" ಹೊಲಿದುಕೊಟ್ಟರು.

ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟು ಹೇಳಿದ್ದಿಷ್ಟು: "ಇಪ್ಪತ್ತು ನಿಮಿಷಕ್ಕೊಂದ್ಸಲ ದೂರ ನೋಡಮ್ಮ. ನೋವು ಬಂದ್ರೆ ಸ್ವಲ್ಪ ಹೊತ್ತು ಕಣ್ಮುಚ್ಕೊಂಡು ಕೂತ್ಕೊ. ದಿನಾ ಮಾತ್ರೆ ನುಂಗ್ಬೇಡ, ಆಮೇಲೆ ಮಾತ್ರೆಯಿಂದ್ಲೇ ತಲೆನೋವು ಬರುತ್ತೆ."

ನಾನು ವಿಧೇಯಳು. ದೂರ ನೋಡಿದೆ, 'ಗಮನ ಬೇರೆಡೆ' ಎಂದು ದಾಖಲಾಯಿತು. ಕಣ್ಣು ಮುಚ್ಚಿದೆ; 'ನಿದ್ರೆ' ಎಂದಾಯಿತು. ವೈದ್ಯರ ಮಾತು ಕೇಳಿದವರನ್ನು ಶಿಕ್ಷಿಸುವ ಇಲಾಖೆ ರೋಗಿಗಳ ಆರೈಕೆ ಕಲಿಸಲು ಹೊರಟಿದೆ!

ಡಾಕ್ಟರ ಚೀಟಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಒಂದು ಕೈಯಲ್ಲಿ ಮೌಸ್ ಆಡಿಸುತ್ತ, ಇನ್ನೊಂದರಲ್ಲಿ ಹಣೆಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು.

"ಅಕ್ಕಾ, ಈ ಚೀಟಿ ಸೇರ್ಸೋಕೆ ಇದ್ರಲ್ಲಿ ಜಾಗಾನೇ ಇಲ್ಲ."

"ನಿಮ್ಗೂ ತಲೆನೋವಾ?"

"ಬೆಳಿಗ್ಗೆಯಿಂದ ಇದನ್ನೇ ನೋಡ್ತಾ ಕೂತಿದೀನಲ್ಲಕ್ಕಾ. ಸಾಹೇಬ್ರು ಮೀಟಿಂಗಲ್ಲಿದಾರೆ, ಇವತ್ತು ಸಿಗಲ್ಲ."

ಅವರ ಮೇಲೆ ಸಿಟ್ಟು ಬರಲಿಲ್ಲ. ಮುಚ್ಚಿದ ನಿಮ್ಮ ಬಾಗಿಲು ನೋಡಿ ಮೈಯೆಲ್ಲ ಉರಿದುಹೋಯಿತು.

ಅಲ್ಲಿಂದ ನೇರ ವಾರ್ಡಿಗೆ ಹೋದೆ. ನಮ್ಮ ಹಿರಿಯ ಸಿಸ್ಟರ್ ಸಂಗತಿ ಕೇಳಿ, "ಕಣ್ಣಿಗೆ ರಜ ಕೊಡೆ, ಕಿವಿ ಇದೆಯಲ್ಲ" ಎಂದರು. ಅಂದಿನಿಂದ ನಾನು ಬ್ಯಾಂಡೇಜು ಸುತ್ತುವಾಗ ಪಕ್ಕದಲ್ಲಿ ಕೂತು, ಹಿಂದೆ ನೀವೇ ಕೊಟ್ಟಿದ್ದ ತಮ್ಮ ಹಳೆಯ ಪುಸ್ತಕದಿಂದ ಓದಿ ಹೇಳಿದರು. ಎರಡು ತಿಂಗಳಲ್ಲಿ ನಿಮ್ಮ ಮೂವತ್ತೊಂದು ಪಾಠಗಳೂ ಮುಗಿದವು. ತಲೆನೋವು ವಾರಕ್ಕೊಮ್ಮೆ ಬಂದರೆ ಹೆಚ್ಚು. ಕಳೆದ ವಾರ ರೋಗಿಯೊಬ್ಬರು ಬೆವರಿ, ನಡುಗಿ, ಮಾತು ತೊದಲಿದಾಗ ರಕ್ತದಲ್ಲಿ ಸಕ್ಕರೆ ಇಳಿದಿರಬೇಕೆಂದು ಅನುಮಾನಿಸಿ ಸಿಸ್ಟರನ್ನು ಕೂಗಿದವಳು ನಾನೇ. ಪರೀಕ್ಷಿಸಿದರು, ಇಳಿದಿತ್ತು. ಆ ರೋಗಿ ಎದ್ದು ಮನೆಗೆ ಹೋದರು.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಪಾಠಗಳನ್ನು ಅಚ್ಚು ಹಾಕಿಸಿ ಕೊಡಿ. ಗಂಟೆಗೆ ಹತ್ತು ನಿಮಿಷ ಬಿಡುವು ಕೊಡಿ. ಕ್ಯಾಮೆರಾದ ತೀರ್ಪನ್ನು ರದ್ದುಮಾಡಿ, ಬರುವ ತಿಂಗಳ ಪರೀಕ್ಷೆಗೆ ನನ್ನನ್ನು ಕೂರಿಸಿ. ನಿಮ್ಮ ಕನಿಕರ ಬೇಡ, ಪ್ರಶ್ನೆಪತ್ರಿಕೆ ಸಾಕು.

ಇಂತಿ,
ಪ್ರಶ್ನೆಗೆ ಹೆದರದ, ನಿಮ್ಮಿಂದ ಉತ್ತರ ಬರುತ್ತದೆಂದೂ ನಂಬದ
ಒಬ್ಬ ವಾರ್ಡ್ ಸಹಾಯಕಿ